ತೋಟದ ಕೆಲಸಕ್ಕೆ ಎಂಥ ಲೆದರ್ ಜಾಕೆಟ್ ತೆಗೆದುಕೊಳ್ಳಬೇಕು?

ಪ್ರಶ್ನೆ: ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ಕೆಲಸದ ಮೇಲ್ವಿಚಾರಣೆ ನೋಡಿಕೊಳ್ಳುವ ರೈಟರ್ ಆಗಿದ್ದೇನೆ. ಬೆಳಿಗ್ಗೆ ಬೈಕ್ ಹತ್ತಿದರೆ ಬೇಲಿ, ಮರಗಸಿ (ನೆರಳುಮರದ ಕೊಂಬೆ ಕಡಿಯುವುದು), ಕೊಯ್ಲು, ಸ್ಪ್ರೇ ಅಂತ ಎಲ್ಲ ಕಡೆಯೂ ಹೋಗಿ ನಿಲ್ಲಬೇಕು. ಸೀಗೆ ಮುಳ್ಳು, ಲಂಟಾನ, ಮುಳ್ಳುತಂತಿಗೆ ಸಿಕ್ಕಿ ಅಂಗಿ, ಸ್ವೆಟರ್ ಯಾವುದೂ ಒಂದು ವರ್ಷ ಬಾಳುವುದಿಲ್ಲ. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ 3,500 ರೂಪಾಯಿ ಕೊಟ್ಟು ‘ಜೆನ್ಯೂನ್ ಲೆದರ್’ ಎಂದು ಚೀಟಿ ಇದ್ದ ಜಾಕೆಟ್ ತಂದೆ. ಅಂಗಡಿಯವರು ಲೈಟರ್ ಹಚ್ಚಿ ತೋರಿಸಿ ಅಸಲಿ ಎಂದರು. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಮೊಣಕೈ, ಕಾಲರ್ ಹತ್ತಿರ ಸಿಪ್ಪೆ ಏಳತೊಡಗಿತು. ಮಾವ ಕೊಟ್ಟ ಹಳೆಯ ಜಾಕೆಟ್ ಇನ್ನೊಂದಿದೆ. ಅದು ಗಟ್ಟಿಯಾಗಿದೆ, ಆದರೆ ಮೇಲೆ ಬಿಳಿ ಪುಡಿ ಬರುತ್ತದೆ. ಕೊಬ್ಬರಿ ಎಣ್ಣೆ ಹಚ್ಚು ಅಂತಾರೆ ಮಾವ. 2 ಮಿ.ಮೀ. ದಪ್ಪದ ಎಮ್ಮೆ ಚರ್ಮದ್ದೇ ತಗೋ ಅಂತಾನೆ ಸ್ನೇಹಿತ. ಕ್ರೋಮ್ ಹಾಕಿದ ಚರ್ಮ ಮೈಗೆ ಒಳ್ಳೆಯದಲ್ಲ ಅಂತಾರೆ ಮನೆಯವರು. 12,000 ರೂಪಾಯಿವರೆಗೆ ಖರ್ಚು ಮಾಡಬಲ್ಲೆ. ಯಾವ ಚರ್ಮ ತೆಗೆದುಕೊಳ್ಳಲಿ? ಏನು ನೋಡಿ ತೆಗೆದುಕೊಳ್ಳಲಿ? ಮರ ಕೊಯ್ಯುವ ಮಿಷನ್ ಹಿಡಿದಾಗಲೂ ಹಾಕಬಹುದೇ?

ಉತ್ತರ: ನಿಮಗೆ ಬೇಕಿರುವುದು ಚಂದಕ್ಕೆ ಹಾಕುವ ಜಾಕೆಟ್ ಅಲ್ಲ, ಕೆಲಸದ ಜಾಕೆಟ್. ಒಮ್ಮೆ ದುಡ್ಡು ಕಳೆದುಕೊಂಡಿದ್ದೀರಿ, ಮತ್ತೆ ಹಾಗಾಗಬಾರದು ಎಂಬ ಆತಂಕವೂ ಇದೆ. ನಾನು ಚರ್ಮ ಹದ ಮಾಡುವ ಕಾರ್ಖಾನೆಗಳಲ್ಲೂ ಜಾಕೆಟ್ ಹೊಲಿಯುವ ಘಟಕಗಳಲ್ಲೂ ಕೆಲಸ ಮಾಡಿದವನು. ಅಲ್ಲಿ ಕಂಡದ್ದನ್ನು ಇಟ್ಟುಕೊಂಡು ಹೇಳುತ್ತೇನೆ. ಮುಳ್ಳನ್ನೂ ತಂತಿಯನ್ನೂ ತಡೆಯುವ ಜಾಕೆಟ್ ನಿಮ್ಮ ಬಜೆಟ್‌ನಲ್ಲೇ ಆಗುತ್ತದೆ. ಆದರೆ ನಿಮ್ಮ ಊರಿನಲ್ಲಿ ಚರ್ಮಕ್ಕೆ ದೊಡ್ಡ ಶತ್ರು ಮುಳ್ಳಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ನಿಮ್ಮ ಎರಡು ಜಾಕೆಟ್‌ಗಳಿಗೂ ಆಗಿರುವುದು ಬೇರೆ ಬೇರೆ ತೊಂದರೆ. ಮೊದಲನೆಯದರಲ್ಲಿ ತೇವದ ಕೈವಾಡ ಇದೆ, ಎರಡನೆಯದರಲ್ಲೂ ಇರಬಹುದು.

ಮೊದಲು ಸಿಪ್ಪೆ ಎದ್ದ ಜಾಕೆಟ್. ಚರ್ಮ ಹಾಗೆ ಸಿಪ್ಪೆ ಏಳುವುದಿಲ್ಲ. ಅದು ಸವೆಯುತ್ತದೆ, ಬಿರಿಯುತ್ತದೆ, ಬಣ್ಣ ಕಳೆದುಕೊಳ್ಳುತ್ತದೆ, ಆದರೆ ಹಾಳೆಯಂತೆ ಎದ್ದು ಬರುವುದಿಲ್ಲ. ಎದ್ದು ಬಂದದ್ದು ಪಾಲಿಯೂರಿಥೇನ್, ಅಂದರೆ ಪಿಯು ಎಂಬ ಪ್ಲಾಸ್ಟಿಕ್ ಪದರ. ಕೆಳಗೆ ಏನಿದೆ ಎನ್ನುವುದರ ಮೇಲೆ ಅದಕ್ಕೆ ಮೂರು ಹೆಸರು. ಕೆಳಗೆ ಬರೀ ಬಟ್ಟೆ ಇದ್ದರೆ ರೆಕ್ಸಿನ್ ಜಾತಿಯದು. ಚರ್ಮದ ಚೂರು, ಹುಡಿಯನ್ನು ಅಂಟಿನಲ್ಲಿ ಕಲಸಿ ಹಾಳೆ ಮಾಡಿದ್ದರೆ ಬಾಂಡೆಡ್ ಲೆದರ್. ಚರ್ಮದ ಕೆಳಪದರ ಇದ್ದರೆ ಕೋಟೆಡ್ ಸ್ಪ್ಲಿಟ್. ಅಗ್ಗದ ಪಿಯು ಪದರವನ್ನು ಗಾಳಿಯಲ್ಲಿರುವ ನೀರಿನ ಅಂಶವೇ ನಿಧಾನವಾಗಿ ಒಡೆಯುತ್ತದೆ. ಅದಕ್ಕೇ ಹಾಕದೆ ಬೀರುವಿನಲ್ಲಿ ಇಟ್ಟರೂ ಸಿಪ್ಪೆ ಏಳುತ್ತದೆ. ಬಯಲುಸೀಮೆಯಲ್ಲಿ ನಾಲ್ಕೈದು ವರ್ಷ ಉಳಿಯುವ ಮಾಲು ಮಲೆನಾಡಿನಲ್ಲಿ ಬೇಗ ಹೋಗುವುದು ಇದೇ ಕಾರಣಕ್ಕೆ. ನೀವು ಸರಿಯಾಗಿ ನೋಡಿಕೊಳ್ಳಲಿಲ್ಲ ಎಂದು ಬೇಸರ ಮಾಡಿಕೊಳ್ಳಬೇಡಿ. ಅದಕ್ಕೆ ರಿಪೇರಿಯೂ ಇಲ್ಲ.

ಹಾಗಾದರೆ ಲೈಟರ್ ಪರೀಕ್ಷೆ? ಅದರಲ್ಲಿ ಒಂದು ಸತ್ಯ ಇದೆ. ಚರ್ಮ ಸುಟ್ಟರೆ ಕೂದಲು ಸುಟ್ಟ ವಾಸನೆ ಬರುತ್ತದೆ. ಪ್ಲಾಸ್ಟಿಕ್ ಸುಟ್ಟರೆ ಕರಗಿ ಮುದ್ದೆಯಾಗುತ್ತದೆ. ಆದರೆ ಕೆಳಪದರದ ಚರ್ಮವೂ ಚರ್ಮವೇ ಅಲ್ವಾ? ಅದೂ ಕೂದಲಿನ ವಾಸನೆಯನ್ನೇ ಕೊಡುತ್ತದೆ. ‘ಇದು ಚರ್ಮವೋ ಅಲ್ಲವೋ’ ಎಂಬುದಕ್ಕೆ ಬೆಂಕಿ ಉತ್ತರ ಕೊಡಬಹುದು. ‘ಚರ್ಮದ ಯಾವ ಪದರ, ಎಂಥ ಚರ್ಮ’ ಎಂಬುದಕ್ಕೆ ಕೊಡುವುದಿಲ್ಲ. ನಿಮಗೆ ಬೇಕಿದ್ದದ್ದು ಎರಡನೆಯ ಉತ್ತರ. ‘ಜೆನ್ಯೂನ್ ಲೆದರ್’ ಎಂಬ ಚೀಟಿಯದೂ ಅದೇ ಕಥೆ. ಅದು ದರ್ಜೆಯ ಹೆಸರಲ್ಲ. ಒಳಗೆ ಎಲ್ಲೋ ಚರ್ಮ ಇದೆ ಎಂದಷ್ಟೇ ಅದರ ಅರ್ಥ. ನೀರಿನ ಹನಿ ಹಾಕಿ ಹೀರುತ್ತದೆಯೇ ನೋಡುವ ಪರೀಕ್ಷೆಯೂ ನಂಬುವಂಥದ್ದಲ್ಲ. ಮೇಲೆ ಬಣ್ಣದ ಫಿನಿಶ್ ಇರುವ ಒಳ್ಳೆಯ ಚರ್ಮ ಹನಿಯನ್ನು ಹೀರುವುದಿಲ್ಲ.

ಚರ್ಮದ ಒಳಗೇನಿದೆ ಎಂದು ಸ್ವಲ್ಪ ಹೇಳುತ್ತೇನೆ. ಅದು ತಿಳಿದರೆ ಉಳಿದದ್ದನ್ನು ನೀವೇ ಅಂಗಡಿಯಲ್ಲಿ ನಿಂತು ತೀರ್ಮಾನ ಮಾಡಬಹುದು. ಪ್ರಾಣಿಯ ಚರ್ಮದಲ್ಲಿ ಮೇಲ್ಗಡೆ, ಕೂದಲು ಇದ್ದ ಕಡೆ, ತೆಳುವಾದ ಬಿಗಿ ಪದರ ಇರುತ್ತದೆ. ಅದಕ್ಕೆ ಗ್ರೇನ್ ಎನ್ನುತ್ತಾರೆ. ಉಜ್ಜಾಟ, ನೀರು, ಕೊಳೆಯನ್ನು ತಡೆಯುವುದು ಅದು. ಅದರ ಕೆಳಗೆ ದಪ್ಪ ನಾರುಗಳು ಅಡ್ಡಾದಿಡ್ಡಿ ಹೆಣೆದುಕೊಂಡ ಪದರ ಇದೆ. ಹರಿಯದಂತೆ ಹಿಡಿದಿಡುವುದು ಈ ಹೆಣಿಗೆ. ಎರಡೂ ಒಟ್ಟಿಗೆ ಇದ್ದರೆ ಮಾತ್ರ ಚರ್ಮಕ್ಕೆ ಪೂರ್ತಿ ಶಕ್ತಿ. ಗ್ರೇನ್ ಅನ್ನು ಉಜ್ಜದೆ ಹಾಗೇ ಬಿಟ್ಟದ್ದು ಫುಲ್ ಗ್ರೇನ್. ಕಲೆ, ಗಾಯದ ಗುರುತು ಮುಚ್ಚಲು ಮೇಲ್ಮೈ ಉಜ್ಜಿ, ದಪ್ಪ ಬಣ್ಣ ಬಳಿದು, ನಕಲಿ ಗೆರೆ ಒತ್ತಿದ್ದು ಕರೆಕ್ಟೆಡ್ ಗ್ರೇನ್. ಮೇಲ್ಪದರ ತೆಗೆದ ಮೇಲೆ ಉಳಿದದ್ದು ಸ್ಪ್ಲಿಟ್.

ಈಗ ನಿಮ್ಮ ಸ್ನೇಹಿತರ ಎಮ್ಮೆ ಚರ್ಮಕ್ಕೆ ಬರೋಣ. ಎಮ್ಮೆ ಚರ್ಮ ಗಟ್ಟಿ ಎನ್ನುವುದು ನಿಜ. ಬೂಟು, ಬೆಲ್ಟು, ಲಗಾಮಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಹೇಳಲಾರೆ. ಆದರೆ ಬೆಳೆದ ಎಮ್ಮೆಯ ಚರ್ಮ 4-5 ಮಿ.ಮೀ. ದಪ್ಪ, ಕತ್ತಿನ ಕಡೆ ಇನ್ನೂ ಜಾಸ್ತಿ. ಅದನ್ನು ಹಾಗೇ ಮೈಮೇಲೆ ಹಾಕಿಕೊಳ್ಳಲು ಆಗುವುದಿಲ್ಲ. ಮಿಷನ್‌ನಲ್ಲಿ ಸೀಳಿ 1 ಮಿ.ಮೀ.ಗೆ ಇಳಿಸುತ್ತಾರೆ. ಆಗ ಏನಾಗುತ್ತದೆ? ಶಕ್ತಿ ಇದ್ದ ನಡುವಿನ ಹೆಣಿಗೆ ಕೆಳಗಿನ ತುಂಡಿಗೆ ಹೋಗುತ್ತದೆ. ಕೈಯಲ್ಲಿ ಉಳಿಯುವುದು ಗ್ರೇನ್ ಮತ್ತು ಅದರ ಕೆಳಗಿನ ಸ್ವಲ್ಪ ನಾರು. ಮೇಕೆಯ ಚರ್ಮ ಹುಟ್ಟಾ ತೆಳು. ಅದನ್ನು 1 ಮಿ.ಮೀ. ಆಸುಪಾಸಿಗೆ ತರಲು ಹೆಚ್ಚು ಕೊರೆಯಬೇಕಿಲ್ಲ. ಹೆಣಿಗೆ ಬಹುಪಾಲು ಉಳಿಯುತ್ತದೆ. ಹೀಗಾಗಿ ಒಂದೇ ದಪ್ಪಕ್ಕೆ ಇಳಿಸಿದಾಗ ಒಳ್ಳೆಯ ಮೇಕೆ ಚರ್ಮ, ಸೀಳಿದ ಎಮ್ಮೆ ಚರ್ಮಕ್ಕಿಂತ ಹರಿಯದೆ ಚೆನ್ನಾಗಿ ನಿಲ್ಲುತ್ತದೆ. ತಂತಿಬೇಲಿ ಕೆಲಸದ ಕೈಗವಸು ಮೇಕೆ ಚರ್ಮದಲ್ಲಿ ಮಾಡುವುದೂ, ಅಮೆರಿಕದ ನೌಕಾಪಡೆಯ ಪೈಲಟ್‌ಗಳ ಜಿ-1 ಜಾಕೆಟ್ ಮೇಕೆ ಚರ್ಮದಲ್ಲಿ ಬಂದದ್ದೂ ಸುಮ್ನೆ ಅಲ್ಲ.

ಇನ್ನು 2 ಮಿ.ಮೀ. ಮಾತು. ಜಾಕೆಟ್ 1.2 ಮಿ.ಮೀ. ಇದ್ದರೇ ಲೈನಿಂಗ್, ಜಿಪ್ ಸೇರಿ ಎರಡೂವರೆ ಕೆ.ಜಿ. ದಾಟುತ್ತದೆ. 2 ಮಿ.ಮೀ. ಆದರೆ ನಾಲ್ಕು ಕೆ.ಜಿ.ಗೂ ಮೇಲೆ. ಅದನ್ನು ಹಾಕಿಕೊಂಡು ಕೈ ಮೇಲೆತ್ತಿ ಕೊಂಬೆ ಎಳೆಯಲು ಆಗುವುದಿಲ್ಲ. ಎರಡು ದಿನ ಹಾಕಿ ಗೂಟಕ್ಕೆ ನೇತು ಹಾಕುತ್ತೀರಿ. ಕೆಲಸದ ಜಾಕೆಟ್‌ಗೆ 1.0ರಿಂದ 1.2 ಮಿ.ಮೀ. ಸಾಕು. ಫ್ಯಾಶನ್ ಜಾಕೆಟ್‌ಗಳು ಸಾಮಾನ್ಯವಾಗಿ 0.6ರಿಂದ 0.8 ಮಿ.ಮೀ. ಇರುತ್ತವೆ. ಅವು ಸೀಗೆ ಮುಳ್ಳಿಗೆ ತಾಳುವುದಿಲ್ಲ. ಬೈಕ್‌ನಿಂದ ಬಿದ್ದಾಗ ರಸ್ತೆಗೆ ಉಜ್ಜುವುದನ್ನು ತಡೆಯಬೇಕಾದರೆ 1.2 ಮಿ.ಮೀ. ಅಥವಾ ಅದಕ್ಕಿಂತ ಸ್ವಲ್ಪ ಮೇಲೆ ಇರಲಿ.

ಕುರಿ ಚರ್ಮ ಬೇಡವೇ ಬೇಡ. ಮುಟ್ಟಿದರೆ ಬೆಣ್ಣೆ, ಅಂಗಡಿಯಲ್ಲಿ ಎಲ್ಲರ ಕಣ್ಣೂ ಅದರ ಮೇಲೆಯೇ. ಆದರೆ ಕುರಿಯ ಗ್ರೇನ್ ಮತ್ತು ಒಳಪದರದ ನಡುವೆ ಕೊಬ್ಬು ಸೇರಿಕೊಂಡಿರುತ್ತದೆ. ಹದ ಮಾಡುವಾಗ ಆ ಕೊಬ್ಬು ಹೋಗಿ ಅಲ್ಲಿ ಟೊಳ್ಳು ಉಳಿಯುತ್ತದೆ. ಮುಳ್ಳಿಗೆ ಸಿಕ್ಕಿ ಎಳೆದರೆ ಎರಡು ಪದರವೂ ಬೇರೆ ಬೇರೆ ಆಗುತ್ತವೆ. ಎಮ್ಮೆಯದೇ ಬೇಕು ಎಂದಿದ್ದರೆ ಎಮ್ಮೆಗರುವಿನ ಚರ್ಮ ಕೇಳಿ. ವ್ಯಾಪಾರದಲ್ಲಿ ಬಫ್ ಕಾಫ್ ಎನ್ನುತ್ತಾರೆ. ಅದು ತೆಳು ಇರುವುದರಿಂದ ಸೀಳುವುದು ಕಡಿಮೆ, ತುಂಡುಗಳೂ ಮೇಕೆಗಿಂತ ದೊಡ್ಡವು. ಬೆನ್ನಿನ ಭಾಗ ಒಂದೇ ತುಂಡಿನಲ್ಲಿ ಬರುತ್ತದೆ. ನನ್ನ ಆಯ್ಕೆ ಕೇಳಿದರೆ, ಕೈ ತುಂಬ ಆಡಿಸುವ ಕೆಲಸಕ್ಕೆ ಮೇಕೆ. ಬೈಕ್ ಓಡಾಟವೇ ಜಾಸ್ತಿ ಆದರೆ ಎಮ್ಮೆಗರು.

ಕ್ರೋಮ್ ಭಯದ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಹದ ಮಾಡಲು ಬಳಸುವುದು ಮೂರು ವೇಲೆನ್ಸಿಯ ಕ್ರೋಮಿಯಂ. ಅಪಾಯಕಾರಿ ಆದದ್ದು ಆರು ವೇಲೆನ್ಸಿಯದು. ಹದ ಸರಿಯಾಗಿ ಆಗದಿದ್ದರೆ, ಕೆಟ್ಟ ಎಣ್ಣೆ ಬಳಸಿದ್ದರೆ ಅದು ಸ್ವಲ್ಪ ಹುಟ್ಟಿಕೊಳ್ಳಬಹುದು. ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಅದು ಕೆ.ಜಿ.ಗೆ 3 ಮಿಲಿಗ್ರಾಂ ಮೀರಬಾರದು ಎಂದು ಯುರೋಪ್ 2015ರಿಂದ ಕಾನೂನು ಮಾಡಿದೆ. ರಫ್ತು ಮಾಡುವ ಟ್ಯಾನರಿಗಳು, ಅಂದರೆ ಚರ್ಮ ಹದ ಮಾಡುವ ಕಾರ್ಖಾನೆಗಳು, ಸಾಮಾನ್ಯವಾಗಿ ಇದನ್ನು ಪರೀಕ್ಷೆ ಮಾಡಿಸಿಯೇ ಕಳಿಸುತ್ತವೆ. ಜಾಕೆಟ್ ಒಳಗೆ ಲೈನಿಂಗ್ ಇರುತ್ತದೆ, ಅದರ ಒಳಗೆ ಅಂಗಿ ಇರುತ್ತದೆ. ಮನೆಯವರಿಗೆ ಧೈರ್ಯ ಹೇಳಿ. ವಾಚಿನ ಪಟ್ಟಿ, ಚಪ್ಪಲಿಯಿಂದ ಹಿಂದೆ ತುರಿಕೆ ಆಗಿದ್ದರೆ ಮಾತ್ರ ಕಾಲರ್ ಒಳಭಾಗಕ್ಕೆ ಬಟ್ಟೆ ಹೊಲಿಸಿಕೊಳ್ಳಿ.

ಅಳಲೆಕಾಯಿ, ತಂಗಡಿ ತೊಗಟೆಯಲ್ಲಿ ಹದ ಮಾಡಿದ ಚರ್ಮವೇ ಒಳ್ಳೆಯದು ಎಂಬ ಮಾತೂ ನಿಮ್ಮ ಕಿವಿಗೆ ಬೀಳಬಹುದು. ಅದು ನಮ್ಮ ದಕ್ಷಿಣದ ಹಳೆಯ ವಿದ್ಯೆ, ನನಗೆ ಅದರ ಮೇಲೆ ಬಹಳ ಗೌರವ ಇದೆ. ಚೀಲಕ್ಕೆ, ಬೆಲ್ಟಿಗೆ ಬಹಳ ಚೆನ್ನ. ನಿಮ್ಮ ಕೆಲಸಕ್ಕೆ ಹೊಂದುವುದಿಲ್ಲ. ಅದು ಬಿರುಸು. ನೀರು ಬಿದ್ದರೆ ಕಲೆ ನಿಲ್ಲುತ್ತದೆ. ಒದ್ದೆ ಇದ್ದಾಗ ಬಿಸಿ ತಗುಲಿದರೆ 80 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಮುದುಡಿ ಹೋಗುತ್ತದೆ. ಸರಿಯಾಗಿ ಹದವಾದ ಕ್ರೋಮ್ ಚರ್ಮ ಕುದಿಯುವ ನೀರಿಗೂ ನಿಲ್ಲುತ್ತದೆ. ಇನ್ನೊಂದು ವಿಷಯ, ತೊಗಟೆಯಲ್ಲಿ ಹದವಾದ ಚರ್ಮ ಒದ್ದೆಯಾಗಿ ಕಬ್ಬಿಣಕ್ಕೆ ತಾಗಿದರೆ ಕಪ್ಪುನೀಲಿ ಕಲೆ ಬೀಳುತ್ತದೆ. ಹಿಂದೆ ಅಳಲೆಕಾಯಿ, ಕಬ್ಬಿಣ ಸೇರಿಸಿ ಶಾಯಿ ಮಾಡುತ್ತಿದ್ದ ರಸಾಯನವೇ ಇದು. ದಿನವೂ ತುಕ್ಕು ಹಿಡಿದ ಮುಳ್ಳುತಂತಿ ಹತ್ತಿರ ನಿಲ್ಲುವವರಿಗೆ ಕ್ರೋಮ್ ಚರ್ಮವೇ ಸರಿ.

ಅಂಗಡಿಯಲ್ಲಿ ಏನು ನೋಡಬೇಕು? ಮೊದಲು ಒಳಗಿನ ಜೇಬು, ಕೆಳಗಿನ ಮಡಿಕೆ, ಎಲ್ಲಾದರೂ ಚರ್ಮದ ಕತ್ತರಿಸಿದ ಅಂಚು ಕಾಣುವ ಜಾಗ ಹುಡುಕಿ. ಅಂಚಿನಲ್ಲಿ ನಾರು ಕಾಣಬೇಕು. ಬಟ್ಟೆಯ ಎಳೆ ಕಂಡರೆ ಅಲ್ಲಿಗೇ ಬಿಡಿ. ಮೇಲೆ ಪ್ಲಾಸ್ಟಿಕ್‌ನಂಥ ಪದರ ಬೇರೆಯಾಗಿ ಕಂಡರೂ ಬಿಡಿ. ಅಂಚಿನ ಒಳಗಿನ ಬಣ್ಣವನ್ನೂ ನೋಡಿ. ಡ್ರಮ್ಮಿನಲ್ಲಿ ಹಾಕಿ ಬಣ್ಣ ಕೊಟ್ಟಿದ್ದರೆ ಒಳಗೂ ಅದೇ ಬಣ್ಣ ಇಳಿದಿರುತ್ತದೆ. ಮೇಲೆ ಮಾತ್ರ ಬಳಿದಿದ್ದರೆ ಒಳಗೆ ಬೂದುನೀಲಿ. ಅಂಥದ್ದರ ಮೇಲೆ ಮುಳ್ಳು ಗೀರಿದ ಕಡೆಯೆಲ್ಲ ಬೂದು ಗೆರೆ ಕಾಣುತ್ತದೆ.

ಆಮೇಲೆ ಗ್ರೇನ್ ನೋಡಿ. ನಿಜವಾದ ಚರ್ಮದಲ್ಲಿ ರಂಧ್ರಗಳು, ಗೆರೆಗಳು ಒಂದು ಕಡೆ ಒತ್ತೊತ್ತಾಗಿ, ಇನ್ನೊಂದು ಕಡೆ ಬಿಡಿಬಿಡಿಯಾಗಿ ಇರುತ್ತವೆ. ಎಡತೋಳು, ಬಲತೋಳು, ಬೆನ್ನು ಎಲ್ಲ ಕಡೆಯೂ ಒಂದೇ ಅಚ್ಚು ಕಂಡರೆ ಅದು ಒತ್ತಿದ್ದು. ಒಂದೆರಡು ಹಳೆಯ ಗಾಯದ ಗುರುತು, ಉಣುಗು ಕಚ್ಚಿದ ಚುಕ್ಕಿ ಇದ್ದರೆ ಹೆದರಬೇಡಿ. ಮೇಲ್ಮೈ ಉಜ್ಜಿಲ್ಲ ಎಂಬುದಕ್ಕೆ ಅದೇ ಸಾಕ್ಷಿ.

ಇನ್ನೊಂದು ಪರೀಕ್ಷೆ ಅಂಗಡಿಯವರಿಗೆ ಇಷ್ಟವಾಗದಿದ್ದರೂ ನೀವು ಮಾಡಲೇಬೇಕು. ಮೊಣಕೈ, ಭುಜ, ಬೆನ್ನಿನ ಮೇಲ್ಭಾಗದ ಚರ್ಮವನ್ನು ಗ್ರೇನ್ ಒಳಮುಖವಾಗುವಂತೆ ಮಡಚಿ ನೋಡಿ. ಸಣ್ಣ ಸಣ್ಣ ಬಿಗಿ ಸುಕ್ಕು ಬಂದರೆ ಅದು ಬೆನ್ನಿನ ಕಡೆಯ ಗಟ್ಟಿ ಚರ್ಮ. ದೊಡ್ಡ ದೊಡ್ಡ ಸಡಿಲ ಸುಕ್ಕು ಎದ್ದರೆ ಹೊಟ್ಟೆಯ ಕಡೆಯದು. ಹೊಟ್ಟೆಯ ಭಾಗದಲ್ಲಿ ನಾರಿನ ಹೆಣಿಗೆ ಸಡಿಲ. ಅದನ್ನು ತೋಳಿನ ಒಳಭಾಗದಲ್ಲಿ, ಪಕ್ಕೆಯಲ್ಲಿ ಹಾಕಿದ್ದರೆ ತಪ್ಪಿಲ್ಲ. ಮೊಣಕೈಯಲ್ಲಿ ಹಾಕಿದ್ದರೆ ಬೇಡ. ಒಂದೇ ಪ್ರಾಣಿಯ ಚರ್ಮದಲ್ಲೂ ಇಷ್ಟು ವ್ಯತ್ಯಾಸ ಇರುವುದರಿಂದ, ಕತ್ತರಿಸುವ ಮೇಸ್ತ್ರಿ ಯಾವ ತುಂಡನ್ನು ಎಲ್ಲಿ ಇಟ್ಟ ಎನ್ನುವುದು ಬ್ರಾಂಡ್ ಹೆಸರಿಗಿಂತ ಮುಖ್ಯ.

ಕೆಲಸದ ಜಾಕೆಟ್ ಚರ್ಮ ಹರಿಯುವುದಕ್ಕಿಂತ ಮೊದಲು ಹೊಲಿಗೆಯಲ್ಲಿ ಬಿಡುವುದೇ ಜಾಸ್ತಿ. ಇಂಚಿಗೆ ಏಳೆಂಟು ಹೊಲಿಗೆ ಇರಲಿ. ಬಟ್ಟೆಗೆ ಹೊಲಿದಂತೆ ಒತ್ತೊತ್ತಾಗಿ ಹೊಲಿದರೆ ಚರ್ಮದಲ್ಲಿ ಸಾಲಾಗಿ ತೂತು ಬಿದ್ದು, ಎಳೆದಾಗ ಅದೇ ಗೆರೆಯಲ್ಲಿ ಹರಿಯುತ್ತದೆ. ದಾರ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿರಬೇಕು. ಹತ್ತಿ ದಾರ ಬೆವರಿಗೆ, ತೇವಕ್ಕೆ ಕೊಳೆಯುತ್ತದೆ. ಭುಜ, ಕಂಕುಳು, ತೋಳಿನ ಜೋಡಣೆಯಲ್ಲಿ ಎರಡು ಸಾಲು ಹೊಲಿಗೆ ಕೇಳಿ. ಜಿಪ್ ಹಿತ್ತಾಳೆಯದು ಅಥವಾ ದಪ್ಪ ಪ್ಲಾಸ್ಟಿಕ್ ಹಲ್ಲಿನದು ಇರಲಿ. ಹತ್ತಿರ ಅಯಸ್ಕಾಂತ ಹಿಡಿದು ನೋಡಿ. ರನ್ನರ್ ಹಿಡಿದುಕೊಂಡರೆ ಅದು ಕಬ್ಬಿಣ, ನಿಮ್ಮ ಊರಿನಲ್ಲಿ ಒಂದೇ ಮಳೆಗಾಲಕ್ಕೆ ತುಕ್ಕು. ಲೈನಿಂಗ್ ದೇಹದ ಭಾಗಕ್ಕೆ ಹತ್ತಿ, ತೋಳಿಗೆ ಜಾರುವ ಬಟ್ಟೆ. ಹೀಗಿದ್ದರೆ ಬೆವರೂ ಹೀರುತ್ತದೆ, ಹಾಕುವಾಗ ತೆಗೆಯುವಾಗ ಅಂಗಿ ತೋಳು ಸುತ್ತಿಕೊಳ್ಳುವುದೂ ಇಲ್ಲ.

ಅಳತೆಯನ್ನು ನಿಂತು ನೋಡಬೇಡಿ. ಎರಡೂ ಕೈ ಮೇಲೆತ್ತಿ. ಬೈಕ್ ಮೇಲೆ ಕೂತು ಹ್ಯಾಂಡಲ್ ಹಿಡಿಯಿರಿ. ಬೆನ್ನು ಬಗ್ಗಿಸಿ. ಸೊಂಟ ಕಾಣಬಾರದು, ಮಣಿಕಟ್ಟು ಕಾಣಬಾರದು, ಕಂಕುಳಲ್ಲಿ ಬಿಗಿ ಆಗಬಾರದು. ಭುಜದ ಹಿಂದೆ ಬಿಚ್ಚಿಕೊಳ್ಳುವ ಮಡಿಕೆ ಇದ್ದರೆ ಕೊಂಬೆ ಎಳೆಯುವವರಿಗೆ ಬಹಳ ಅನುಕೂಲ. ಸೊಂಟದಲ್ಲಿ ತೂಗುವ ಬೆಲ್ಟ್, ಭುಜದ ಮೇಲಿನ ಪಟ್ಟಿ, ಸಾಲು ಸಾಲು ಜಿಪ್ ಯಾವುದೂ ಬೇಡ. ಅವೆಲ್ಲ ಮುಳ್ಳಿಗೆ ಸಿಕ್ಕಿಕೊಳ್ಳುತ್ತವೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ನ ಬೆಲ್ಟ್ ಹತ್ತಿರ, ಓಡುವ ಮಿಷನ್ ಹತ್ತಿರ ಅವು ಅಪಾಯ ಕೂಡ. ತೋಳಿನ ತುದಿಗೆ ಟಿಚ್ ಬಟನ್ ಸಾಕು.

ಮರ ಕೊಯ್ಯುವ ಮಿಷನ್, ಅಂದರೆ ಚೈನ್ ಸಾ ಮಾತು ಬಂತು. ನಿಮ್ಮ ಪ್ರಶ್ನೆಯಲ್ಲಿ ಅತಿ ಮುಖ್ಯವಾದದ್ದು ಅದೇ ಎಂದು ನನಗೆ ಅನಿಸುತ್ತದೆ. ಲೆದರ್ ಜಾಕೆಟ್ ಚೈನ್ ಸಾ ತಡೆಯುವುದಿಲ್ಲ. ಎಷ್ಟೇ ದಪ್ಪ ಇದ್ದರೂ ತಡೆಯುವುದಿಲ್ಲ. ಸರಪಳಿ ಸೆಕೆಂಡಿಗೆ 20 ಮೀಟರ್ ಆಸುಪಾಸಿನಲ್ಲಿ ಓಡುತ್ತಿರುತ್ತದೆ. ಚರ್ಮ ಅದಕ್ಕೆ ಕಾಗದ. ಚೈನ್ ಸಾಗೆಂದೇ ಮಾಡಿದ ಬಟ್ಟೆಯ ಒಳಗೆ ಉದ್ದನೆಯ ಎಳೆಗಳ ಪದರಗಳಿರುತ್ತವೆ. ಸರಪಳಿ ತಾಗಿದ ಕೂಡಲೇ ಆ ಎಳೆಗಳು ಹೊರಬಂದು ಚಕ್ರಕ್ಕೆ ಸುತ್ತಿಕೊಂಡು ಮಿಷನ್ ನಿಲ್ಲಿಸುತ್ತವೆ. ಚರ್ಮಕ್ಕೆ ಈ ಗುಣ ಇಲ್ಲ. ಅಂಥ ಬಟ್ಟೆಗಳ ಮೇಲೆ ಐಎಸ್ಒ 11393 ಅಥವಾ ಹಳೆಯ ಇಎನ್ 381 ಎಂಬ ಸುರಕ್ಷತಾ ಮಾನದಂಡದ ಗುರುತು ಇರುತ್ತದೆ. ಜಾಕೆಟ್‌ಗಿಂತ ಮೊದಲು ಕಾಲಿನ ಕವಚ, ಮುಖದ ಜಾಲರಿ ಇರುವ ಹೆಲ್ಮೆಟ್, ಒಳ್ಳೆಯ ಬೂಟು ತೆಗೆದುಕೊಳ್ಳಿ. ‘ಲೆದರ್ ಹಾಕಿದ್ದೇನೆ’ ಎಂಬ ಧೈರ್ಯದಲ್ಲಿ ಮಿಷನ್ ಹಿಡಿಯುವುದು ಬರಿಮೈಯಲ್ಲಿ ಹಿಡಿಯುವುದಕ್ಕಿಂತ ಕೆಟ್ಟದ್ದು, ಯಾಕೆಂದರೆ ಎಚ್ಚರ ತಪ್ಪುತ್ತದೆ.

ಸ್ಪ್ರೇ ಮಾಡುವ ಕಡೆಗೂ ಈ ಜಾಕೆಟ್ ಹಾಕಿಕೊಂಡು ಹೋಗಬೇಡಿ. ಚರ್ಮ ಔಷಧಿಯನ್ನು ಹೀರಿಕೊಳ್ಳುತ್ತದೆ. ಬಟ್ಟೆಯಂತೆ ಸೋಪು ಹಾಕಿ ತೊಳೆದು ಅದನ್ನು ತೆಗೆಯಲು ಆಗುವುದಿಲ್ಲ. ಆಮೇಲೆ ಪ್ರತಿ ಸಲ ಹಾಕಿದಾಗಲೂ ಬೆವರಿನ ಜೊತೆ ಮೈಗೆ ತಾಗುತ್ತಲೇ ಇರುತ್ತದೆ. ಕಾಂಡಕೊರಕಕ್ಕೆ ಹೊಡೆಯುವ ಔಷಧಿ ಒಮ್ಮೆ ಸರಿಯಾಗಿ ಚೆಲ್ಲಿಕೊಂಡ ಜಾಕೆಟ್ ಅನ್ನು ಮತ್ತೆ ಹಾಕಬಾರದು. ಬೋರ್ಡೋ ದ್ರಾವಣದ ಸುಣ್ಣ, ಮೈಲುತುತ್ತ ಕೂಡ ಚರ್ಮಕ್ಕೆ ಆಗುವುದಿಲ್ಲ. ಸುಣ್ಣ ಚರ್ಮವನ್ನು ಬಿರುಸು ಮಾಡುತ್ತದೆ, ತುತ್ತ ಕಲೆ ಬಿಡುತ್ತದೆ. ಸ್ಪ್ರೇ ದಿನ ತೊಳೆಯಲು ಬರುವ ಬಟ್ಟೆ, ಮೇಲೆ ಪ್ಲಾಸ್ಟಿಕ್ ಏಪ್ರನ್.

ಜಡಿಮಳೆಯಲ್ಲೂ ಬೇಡ. ಲೆದರ್ ಜಾಕೆಟ್ ರೇನ್‌ಕೋಟ್ ಅಲ್ಲ. ಹತ್ತು ನಿಮಿಷದ ಮಳೆ ತಡೆಯುತ್ತದೆ, ಆಮೇಲೆ ಹೊಲಿಗೆಯ ತೂತಿನಲ್ಲಿ ನೀರು ಒಳಗೆ ಬರುತ್ತದೆ. ಒದ್ದೆ ಜಾಕೆಟ್ ಭಾರ, ಒಣಗಲು ಎರಡು ಮೂರು ದಿನ. ನಿಮ್ಮಲ್ಲಿ ಮಳೆಗಾಲದಲ್ಲಿ ಅಷ್ಟು ದಿನವೂ ಒಣಹವೆ ಸಿಗುವುದಿಲ್ಲ. ಕಂಬಳಿ ಕೊಪ್ಪೆ ಹಾಕಿಕೊಂಡು ಗದ್ದೆಗೆ ಇಳಿಯುತ್ತಿದ್ದವರಿಗೆ ಮಲೆನಾಡಿನ ಮಳೆ ಏನೆಂದು ಗೊತ್ತಿತ್ತು. ಉಣ್ಣೆ ಒದ್ದೆಯಾದರೂ ಬೆಚ್ಚಗಿರುತ್ತದೆ, ಚರ್ಮ ಹಾಗಲ್ಲ. ಲೆದರ್ ಜಾಕೆಟ್ ನವೆಂಬರ್‌ನಿಂದ ಮೇ ವರೆಗಿನ ಬಟ್ಟೆ ಎಂದು ಇಟ್ಟುಕೊಳ್ಳಿ. ಕೊಯ್ಲು, ಬೇಲಿ, ಚಳಿಯ ಬೈಕ್ ಓಡಾಟ ಎಲ್ಲ ಅಷ್ಟರಲ್ಲೇ ಬರುತ್ತವೆ.

ಈಗ ದುಡ್ಡಿನ ಲೆಕ್ಕ. ಚರ್ಮವನ್ನು ಚದರ ಅಡಿ ಲೆಕ್ಕದಲ್ಲಿ ಮಾರುತ್ತಾರೆ. ದೊಡ್ಡವರ ಒಂದು ಜಾಕೆಟ್‌ಗೆ ವೇಸ್ಟ್ ಸೇರಿ ಸುಮಾರು 40 ಚದರ ಅಡಿ ಬೇಕು. ಒಂದು ಮೇಕೆ ಚರ್ಮ 4ರಿಂದ 6 ಚದರ ಅಡಿ ಬರುತ್ತದೆ. ಅಂದರೆ ಏಳರಿಂದ ಹತ್ತು ಚರ್ಮ. ಹೊಲಿಯುವವರು ಹೇಳುವ ಚದರ ಅಡಿ ದರವನ್ನು 40ರಿಂದ ಗುಣಿಸಿ. ದರ 120 ರೂಪಾಯಿ ಎಂದರೆ ಚರ್ಮಕ್ಕೇ 4,800. ಅದರ ಮೇಲೆ ಲೈನಿಂಗ್, ಜಿಪ್, ಹೊಲಿಗೆ, ಅಂಗಡಿ ಬಾಡಿಗೆ, ಲಾಭ. ಈ ಲೆಕ್ಕ ಮಾಡಿದರೆ 3,500ಕ್ಕೆ ಹೊಸ ಫುಲ್ ಗ್ರೇನ್ ಜಾಕೆಟ್ ಯಾಕೆ ಸಾಧ್ಯವಿಲ್ಲ ಎಂದು ತಿಳಿಯುತ್ತದೆ. ನಿಮ್ಮ 12,000ದಲ್ಲಿ ಹೊಲಿಸುವುದು ಆಗುತ್ತದೆ.

ಹೊಸದನ್ನೇ ತೆಗೆದುಕೊಳ್ಳುವುದಾದರೆ ಹೊಲಿಸುವುದೇ ನನ್ನ ಮೊದಲ ಸಲಹೆ. ಬೆಂಗಳೂರಿನ ಶಿವಾಜಿನಗರ, ಕಮರ್ಷಿಯಲ್ ಸ್ಟ್ರೀಟ್ ಸುತ್ತ ಲೆದರ್ ಹೊಲಿಯುವವರು ಇದ್ದಾರೆ. ಮುಂಬೈನ ಧಾರಾವಿ ಈ ಕೆಲಸಕ್ಕೆ ಇನ್ನೂ ದೊಡ್ಡ ಜಾಗ. ಚರ್ಮ ಬರುವುದು ಬಹುಪಾಲು ತಮಿಳುನಾಡಿನ ಆಂಬೂರು, ವಾಣಿಯಂಬಾಡಿ, ರಾಣಿಪೇಟೆ ಕಡೆಯ ಟ್ಯಾನರಿಗಳಿಂದ. ಹೊಲಿಸಿದರೆ ಚರ್ಮವನ್ನು ಕತ್ತರಿಸುವ ಮೊದಲೇ ಕೈಯಲ್ಲಿ ಹಿಡಿದು ನೋಡಬಹುದು. ಅದೇ ದೊಡ್ಡ ಲಾಭ. ಇದರಲ್ಲಿರುವ ಅಪಾಯ ಏನೆಂದರೆ, ತೋರಿಸಿದ ಚರ್ಮ ಬೇರೆ, ಹೊಲಿದದ್ದು ಬೇರೆ ಆಗಬಹುದು. ನೀವು ಆರಿಸಿದ ಪ್ರತಿ ಚರ್ಮದ ಹಿಂಭಾಗದಲ್ಲಿ ಪೆನ್ನಿನಲ್ಲಿ ಸಹಿ ಹಾಕಿ, ಲೈನಿಂಗ್ ಹಾಕುವ ಮೊದಲು ಒಮ್ಮೆ ನೋಡಲು ಬರುತ್ತೇನೆ ಎಂದು ಹೇಳಿ. ಒಳ್ಳೆಯ ಕಸುಬುದಾರ ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ.

ಬೈಕ್ ಸವಾರರಿಗೆಂದೇ ಮಾಡಿದ ಜಾಕೆಟ್ ಎರಡನೆಯ ದಾರಿ. ಚರ್ಮ ದಪ್ಪ, ಹೊಲಿಗೆ ಗಟ್ಟಿ, ಭುಜ ಮೊಣಕೈಗೆ ಪ್ಯಾಡ್ ಇರುತ್ತದೆ. ಪ್ಯಾಡಿನ ಮೇಲೆ ಇಎನ್ 1621 ಎಂಬ ಗುರುತು ನೋಡಿ. ಜಾಕೆಟ್ ಮೇಲೆ ಇಎನ್ 17092 ಎಂದಿದ್ದರೆ ಅದರ ಪಕ್ಕದ ಅಕ್ಷರ ನೋಡಿ, ಎಎಎ ಎಲ್ಲಕ್ಕಿಂತ ಮೇಲು, ಆಮೇಲೆ ಎಎ, ಎ. ಹೆದ್ದಾರಿಯಲ್ಲಿ ದಿನವೂ ಓಡಾಡುವವರಾದರೆ ಇದೇ ಸರಿ. ತೊಂದರೆ ಏನೆಂದರೆ ಇವು ಬಗ್ಗಿ ಕೂತ ಭಂಗಿಗೆ ಹೊಲಿದವು, ಬೆಲೆಯೂ ನಿಮ್ಮ ಲೆಕ್ಕ ದಾಟಬಹುದು. ಪ್ಯಾಡ್ ಹಾಕಿಕೊಂಡು ಇಡೀ ದಿನ ತೋಟದಲ್ಲಿ ನಡೆದರೆ ಬೆವರಿನಲ್ಲಿ ಮುಳುಗುತ್ತೀರಿ.

ಮಾವ ಕೊಟ್ಟ ಜಾಕೆಟ್ ಮೇಲೆಯೂ ಕಣ್ಣಿಡಿ. ಮಡಚಿದಾಗ ಬಿರಿಯದಿದ್ದರೆ, ಹೊಲಿಗೆಯ ಪಕ್ಕದಲ್ಲಿ ಎಳೆದಾಗ ಹರಿಯದಿದ್ದರೆ ಅದಕ್ಕೆ ಹೊಸ ಜಿಪ್, ಹೊಸ ಲೈನಿಂಗ್ ಹಾಕಿಸಿ. ಹೊಸದರ ಕಾಲು ಭಾಗದ ಖರ್ಚಿನಲ್ಲಿ ಕೆಲಸದ ಜಾಕೆಟ್ ಆಗುತ್ತದೆ. ಉಳಿದ ದುಡ್ಡಲ್ಲಿ ಚೈನ್ ಸಾ ಕಾಲಿನ ಕವಚ ಬರುತ್ತದೆ. ನನ್ನನ್ನು ಕೇಳಿದರೆ ಮೊದಲು ಇದನ್ನೇ ಮಾಡುತ್ತೇನೆ. ಲೆದರ್ ಅಷ್ಟಾಗಿ ಬೇಡ ಅನಿಸಿದರೆ ದಪ್ಪ ಕ್ಯಾನ್ವಾಸ್ ಕೋಟಿಗೆ ಮೊಣಕೈ, ಮುಂಗೈ, ಭುಜದಲ್ಲಿ ಲೆದರ್ ತೇಪೆ ಹೊಲಿಸಬಹುದು. ತೊಳೆಯಲು ಬರುತ್ತದೆ, ಬೇಗ ಒಣಗುತ್ತದೆ. ಬೈಕ್‌ನಿಂದ ಬಿದ್ದರೆ ಮಾತ್ರ ಲೆದರ್‌ನಷ್ಟು ಕಾಯುವುದಿಲ್ಲ.

ಆ ಬಿಳಿ ಪುಡಿ ಬೂಷ್ಟೂ ಆಗಿರಬಹುದು, ಕೊಬ್ಬೂ ಆಗಿರಬಹುದು. ಹದ ಮಾಡುವಾಗ ಚರ್ಮ ಮೆದುವಾಗಲು ಎಣ್ಣೆ ತಿನ್ನಿಸಿರುತ್ತಾರೆ. ಚಳಿಯಲ್ಲಿ ಅದರ ಗಟ್ಟಿ ಅಂಶ ಮೇಲೆ ಬಂದು ಬಿಳಿಯಾಗಿ ಕೂರುತ್ತದೆ. ಹೇರ್ ಡ್ರೈಯರ್ ಅನ್ನು ದೂರದಿಂದ ಹಿಡಿಯಿರಿ. ಕರಗಿ ಮಾಯವಾದರೆ ಕೊಬ್ಬು. ಬಿಸಿ ಬಟ್ಟೆಯಲ್ಲಿ ಒರೆಸಿ, ಅಷ್ಟೇ. ಮಾಯವಾಗದೆ ಮುಗ್ಗಲು ವಾಸನೆ ಬಂದರೆ ಬೂಷ್ಟು. ಅದನ್ನು ಮನೆಯ ಹೊರಗೆ, ಮೂಗು ಮುಚ್ಚಿಕೊಂಡು, ಒಣ ಬ್ರಷ್‌ನಲ್ಲಿ ಉದುರಿಸಿ. ಆಮೇಲೆ ಸರ್ಜಿಕಲ್ ಸ್ಪಿರಿಟ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆ ಅದ್ದಿ ಹಿಂಡಿ ಒರೆಸಿ. ಮೊದಲು ಕಾಣದ ಜಾಗದಲ್ಲಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ.

ಕೊಬ್ಬರಿ ಎಣ್ಣೆ ಯಾಕೆ ಬೇಡ ಎಂದರೆ, ಅದು ಸುಮಾರು 24 ಡಿಗ್ರಿಗೇ ಹೆಪ್ಪುಗಟ್ಟುತ್ತದೆ. ಸಕಲೇಶಪುರದ ಡಿಸೆಂಬರ್ ಬೆಳಗಿನಲ್ಲಿ ಅದೇ ಬಿಳಿ ಪುಡಿಯಾಗಿ ಮೇಲೆ ಬರುತ್ತದೆ. ಹಚ್ಚಿದ ದಿನ ಹೊಳೆಯುತ್ತದೆ, ಆಮೇಲೆ ಧೂಳು ಹಿಡಿಯುತ್ತದೆ, ಕಮಟುತ್ತದೆ, ಬೂಷ್ಟಿಗೆ ಊಟ ಆಗುತ್ತದೆ. ಯಾವುದೇ ಎಣ್ಣೆ ಜಾಸ್ತಿಯಾದರೆ ನಾರುಗಳು ಜಾರಿ ಚರ್ಮ ಸಡಿಲವಾಗುತ್ತದೆ. ಲೆದರ್ ಕಂಡೀಷನರ್ ಎಂದು ಸಿಗುವ ಕ್ರೀಮನ್ನು ತೆಳುವಾಗಿ ವರ್ಷಕ್ಕೆ ಎರಡು ಸಲ ಹಚ್ಚಿದರೆ ಸಾಕು, ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ.

ಅಕಾಲ ಮಳೆಗೆ ಸಿಕ್ಕಿ ನೆನೆದರೆ ಹಂಡೆ ಒಲೆಯ ಹತ್ತಿರ ಇಡಬೇಡಿ, ಕಣದ ಬಿಸಿಲಿಗೂ ಹಾಕಬೇಡಿ. ಬೇಗ ಒಣಗಿದರೆ ನಾರುಗಳು ಒಂದಕ್ಕೊಂದು ಅಂಟಿಕೊಂಡು ಹಲಗೆಯಂತಾಗುತ್ತದೆ. ಅಗಲವಾದ ಹ್ಯಾಂಗರ್‌ಗೆ ಹಾಕಿ, ತೋಳಿನೊಳಗೆ ಹಳೆ ಪತ್ರಿಕೆ ತುರುಕಿ, ನೆರಳಲ್ಲಿ ಫ್ಯಾನ್ ಕೆಳಗೆ ಬಿಡಿ. ಮೇ ಕೊನೆಗೆ ಒರೆಸಿ, ಎರಡು ದಿನ ಗಾಳಿಗೆ ಹಾಕಿ. ಆಮೇಲೆ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ ಮನೆಯ ಅತ್ಯಂತ ಒಣ ಕೋಣೆಯಲ್ಲಿ ತೂಗುಹಾಕಿ. ಪ್ಲಾಸ್ಟಿಕ್ ಕವರ್ ಮಾತ್ರ ಬೇಡ, ಒಳಗಿನ ತೇವ ಹೊರಗೆ ಹೋಗುವುದಿಲ್ಲ. ಗಾಳಿಯಾಡದ ಡಬ್ಬಿಯೇ ಬೇಕೆಂದರೆ ಒಳಗೆ ಸಿಲಿಕಾ ಜೆಲ್ ಇಡಲೇಬೇಕು. ಅದು ಬಣ್ಣ ಬದಲಿಸಿದಾಗ ಅಡುಗೆಗೆ ಬಳಸದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸಿ ಮತ್ತೆ ಇಡಿ. ಹದಿನೈದು ದಿನಕ್ಕೊಮ್ಮೆ ಜಾಕೆಟ್ ತೆಗೆದು ನೋಡಿ.

ಮುಳ್ಳುತಂತಿಗೆ ಸಿಕ್ಕಿ ಎಲ್ಲಾದರೂ ಹರಿದರೆ ಮೇಲಿನಿಂದ ಸೂಜಿ ಹಾಕಬೇಡಿ, ಹರಿದ ಅಂಚು ಇನ್ನಷ್ಟು ಸೀಳುತ್ತದೆ. ಲೈನಿಂಗ್ ಬಿಚ್ಚಿ, ಒಳಗಿನಿಂದ ಅದೇ ಚರ್ಮದ ತೆಳು ತುಂಡನ್ನು ಕಾಂಟ್ಯಾಕ್ಟ್ ಅಂಟಿನಲ್ಲಿ ಕೂರಿಸಿ, ಅಂಚು ಜೋಡಿಸಿ ಒತ್ತಿ ಒಂದು ದಿನ ಬಿಡಿ. ಮೊಣಕೈಯಂಥ ಜಾಗವಾದರೆ ಆಮೇಲೆ ಸುತ್ತಲೂ ಹೊಲಿಸಿ. ಇದಕ್ಕೆಂದು, ಜಾಕೆಟ್ ಹೊಲಿಸುವ ದಿನವೇ ಅಂಗೈ ಅಗಲದ ನಾಲ್ಕೈದು ಉಳಿಕೆ ತುಂಡು ಕೇಳಿ ತನ್ನಿ. ಆಮೇಲೆ ಅದೇ ಬಣ್ಣ, ಅದೇ ದಪ್ಪದ ಚರ್ಮ ಸಿಗುವುದು ಕಷ್ಟ.